ರನ್‌ವೇ ಪಕ್ಕದ ಕೋಳಿ ಅಂಗಡಿ

"ಈ ಬಕೆಟ್ ಯಾರದು?"

ಕೋಳಿ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ. ವ್ಯಾಪಾರದ ಹೊತ್ತು, ಗಿರಾಕಿಗಳು ಬಾಗಿಲವರೆಗೂ ನಿಂತಿದ್ದರು.

"ನಂದೇ. ಯಾಕೆ, ಬೇಕಿತ್ತಾ?"

ಗಿರಾಕಿಗಳು ನಕ್ಕರು. ಬಕೆಟ್ ಹಿಡಿದು ನಿಂತವನು ಮಾತ್ರ ನಗಲಿಲ್ಲ. ವಿಮಾನ ನಿಲ್ದಾಣದವರ ಹಳದಿ ಅಂಗಿ, ಮುಖವೆಲ್ಲ ಬೆವರು. ಬಕೆಟ್ಟಿನೊಳಗೆ ಕರುಳು, ತಲೆ, ಪುಕ್ಕ. ಹಿಂದಿನ ಬಯಲಲ್ಲಿ ಸುರಿಯೋಣ ಅಂತ ಅವಳ ಅಪ್ಪ ಇಟ್ಟಿದ್ದು.

"ಇದನ್ನ ಬಯಲಲ್ಲಿ ಸುರಿದ್ರೆ ಹದ್ದು ಬರುತ್ತೆ. ಹದ್ದು ಹೋಗಿ ವಿಮಾನಕ್ಕೆ ಬಡಿದ್ರೆ? ರನ್‌ವೇ ಹತ್ತಿರ ಮಾಂಸದ ಕಸ ಎಸೆಯೋದು ಅಪರಾಧ ರೀ. ಜೈಲಿಗೆ ಹಾಕ್ತಾರೆ."

"ಹಾಗಾದ್ರೆ ಹದ್ದಿಗೆ ಹೇಳಿ, ಈ ಕಡೆ ಬರಬೇಡ ಅಂತ."

ಅವಳು ಕತ್ತಿ ಹಿಡಿದೇ ತಿರುಗಿದಳು. ಅವನು ಕತ್ತಿ ನೋಡಿ ಅರ್ಧ ಹೆಜ್ಜೆ ಹಿಂದೆ ಸರಿದ. ಅವಳಿಗೆ ನಗು ಬಂತು, ಅವನ ಕಿವಿ ಕೆಂಪಾಯಿತು.

ಇವನ ಕೆಲಸ ಏನಪ್ಪಾ ಅಂದರೆ, ಜೀಪಿನಲ್ಲಿ ರನ್‌ವೇ ಉದ್ದಕ್ಕೂ ಓಡಾಡಿ ಪಟಾಕಿ ಸಿಡಿಸಿ ಹಕ್ಕಿ ಓಡಿಸುವುದು. ಬೇಲಿಯಾಚೆ ಯಾರಾದರೂ ಮಾಂಸ ಎಸೆದದ್ದು ಕಂಡರೆ ಮೇಲಿನವರಿಗೆ ತಿಳಿಸುವುದೂ ಅವನದೇ ಹೊಣೆ. ಅವತ್ತಿನಿಂದ ಅವಳ ಬಾಯಲ್ಲಿ ಅವನು 'ಪಟಾಕಿ' ಆದ.

ಬೈದು ಹೋದ ಆಸಾಮಿ ಮಾರನೇ ದಿನ ಮುಚ್ಚಳ ಇರುವ ದೊಡ್ಡ ಡ್ರಮ್ ಹೊತ್ತುಕೊಂಡು ಬಂದ. ಕಸದ ವ್ಯಾನ್ ದಿನಾ ಸಂಜೆ ಅಂಗಡಿ ಮುಂದೆ ನಿಲ್ಲುವ ಹಾಗೆ ಮಾಡಿದ. ಆಮೇಲೆ ಡ್ರಮ್ ನೋಡುವ ನೆಪದಲ್ಲಿ ದಿನಾ ಬಂದ. ಒಂದು ಮುಚ್ಚಳವನ್ನು ಅಷ್ಟು ಹೊತ್ತು ನೋಡುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ.

"ಮುಚ್ಚಳ ಸರಿಯಾಗಿದೆ ಪಟಾಕಿಯವ್ರೇ. ಇನ್ನೇನು ನೋಡ್ತಿದೀರಿ?"

"ಏನಿಲ್ಲ... ಸುಮ್ನೆ."

ಅವಳಿಗೇನು ಗೊತ್ತಾಗದೇ ಇರುತ್ತಾ? ಹೆಣ್ಣು ನೋಡಲು ಬಂದವರೆಲ್ಲ ಅಂಗಡಿಯ ವಾಸನೆಗೇ ವಾಪಸ್ಸು ಹೋಗಿದ್ದರು. ಇವನೋ, ರಕ್ತ ಮೆತ್ತಿದ ಅವಳ ಕೈಯಿಂದಲೇ ಟೀ ಲೋಟ ಈಸಿಕೊಂಡು ಕುಡಿಯುತ್ತಿದ್ದ. 'ಇವನು ಕೇಳಿದರೆ ಹೂಂ ಅಂದುಬಿಡ್ತೀನಿ' ಅಂತ ಅವಳು ಎಂದೋ ತೀರ್ಮಾನಿಸಿ ಆಗಿತ್ತು. ಅವನು ಕೇಳುವ ಧೈರ್ಯ ಮಾಡಲಿಲ್ಲ, ಅಷ್ಟೆ.

ತಾಪತ್ರಯ ಇದ್ದದ್ದು ಅಪ್ಪನದು. ಹೆಂಡತಿ ಹೋದ ಮೇಲೆ ಮುದುಕನಿಗೆ ಹದ್ದುಗಳೇ ಸಂಗಾತಿ. ಮಹಡಿ ಮೇಲೆ ನಿಂತು ಕರುಳಿನ ಚೂರು ಎಸೆದರೆ ಅವು ಗಾಳಿಯಲ್ಲೇ ಹಿಡಿಯುತ್ತಿದ್ದವು. ಒಂದು ಸಂಜೆ ಅದು ಪಟಾಕಿಯ ಕಣ್ಣಿಗೆ ಬಿತ್ತು. ಮುದುಕ ಮಗುವಿನಂತೆ ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡ.

ಅವಳು ಮೆಟ್ಟಿಲಲ್ಲಿ ಅವನನ್ನು ಅಡ್ಡಗಟ್ಟಿದಳು. "ಮೇಲಿನವರಿಗೆ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ಮೇಲೆ ನಾನು ನೋಡ್ಕೋತೀನಿ."

ಅವನು ಅವಳ ಮುಖ ನೋಡಿದ. ಹೇಳದೇ ಉಳಿದ. ಅಪ್ಪನೂ ಅವತ್ತಿನಿಂದ ಮಹಡಿ ಹತ್ತುವುದನ್ನು ಬಿಟ್ಟ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಸದ ವ್ಯಾನಿನವರು ಮುಷ್ಕರ ಹೂಡಿದರು. ಡ್ರಮ್ ತುಂಬಿ ಮುಚ್ಚಳ ಕೂರದೇ ಹೋಯಿತು. ಹುಳ ಬಿದ್ದವು. ಗಿರಾಕಿಗಳು ಮೂಗು ಮುಚ್ಚಿಕೊಂಡು ಎದುರಿನ ರಸ್ತೆ ಹಿಡಿದರು. ಒಂದು ಬೆಳಿಗ್ಗೆ, ಅಪ್ಪ ಇನ್ನೂ ಮಲಗಿದ್ದಾಗ, ಅವಳು ಡ್ರಮ್ ಎಳೆದುಕೊಂಡು ಹೋಗಿ ಹಿಂದಿನ ಬಯಲಲ್ಲಿ ಸುರಿದಳು. ಮೇಲೊಂದಿಷ್ಟು ಮಣ್ಣು ಎಳೆದಳು. 'ಒಂದೇ ಸಲ ತಾನೇ...' ಅಂದುಕೊಂಡಳು.

ಹದ್ದುಗಳಿಗೆ ಅಷ್ಟು ಮಣ್ಣು ಯಾವ ಲೆಕ್ಕ?

ಅವತ್ತೇ ಬೆಳಿಗ್ಗೆ ಇಳಿಯುತ್ತಿದ್ದದ್ದು ಒಂದು ಪುಟ್ಟ ವಿಮಾನ. ಹದ್ದು ನೇರ ಮುಂದಿನ ಗಾಜಿಗೆ ಬಡಿಯಿತು. ವಿಮಾನ ಹಾರಿಸುತ್ತಿದ್ದವಳು ಒಬ್ಬ ಹೆಣ್ಣುಮಗಳು. ಗಾಜಿನ ಚೂರು ಹೊಕ್ಕ ಕಣ್ಣಿನಲ್ಲೇ, ಮುಖದ ತುಂಬಾ ರಕ್ತ ಇಳಿಯುತ್ತಿದ್ದರೂ ಎಲ್ಲರನ್ನೂ ನೆಲಕ್ಕೆ ಮುಟ್ಟಿಸಿದಳು. ಜನ ಉಳಿದರು. ಅವಳ ಒಂದು ಕಣ್ಣು ಹೋಯಿತು. ಇನ್ನೊಂದರ ಬಗ್ಗೆ ಡಾಕ್ಟರು ಬಾಯಿ ಬಿಡಲಿಲ್ಲ.

ಮಧ್ಯಾಹ್ನಕ್ಕೆ ಪೊಲೀಸರು ಅಂಗಡಿಗೆ ಬಂದರು. ಬಯಲಲ್ಲಿ ಹದ್ದುಗಳು ಇನ್ನೂ ಕಿತ್ತಾಡುತ್ತಿದ್ದವು.

ಮಗಳು ಬಾಯಿ ತೆರೆಯುವ ಮೊದಲೇ, ಖಾಲಿ ಡ್ರಮ್ ಕಂಡಿದ್ದ ಅಪ್ಪ ಮುಂದೆ ಬಂದ. "ನಾನೇ ಸಾರ್ ಸುರಿದದ್ದು."

"ಗೊತ್ತು ಬಿಡು. ಮೊದಲಿಂದಲೂ ನಿಂಗೆ ಇದೇ ಚಾಳಿ ಅಂತಲ್ಲ," ಅಂದ ಪೊಲೀಸಿನವನು.

ಜೀಪು ಹತ್ತುವಾಗ ಅಪ್ಪ ಮಗಳ ಕಿವಿಯಲ್ಲಿ ಪಿಸುಗುಟ್ಟಿದ. "ಸುಮ್ನಿರು. ನೀನು ಬಾಳಿ ಬದುಕಬೇಕಾದವಳು. ನಂಗೇನು, ಅಲ್ಲಾದ್ರೂ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತೆ."

ಅವಳು ಸುಮ್ಮನಿದ್ದಳು. ಹೆದರಿಕೆಗೆ ನಾಲಿಗೆ ಒಣಗಿ ಹೋಗಿತ್ತು ಅನ್ನಬಹುದು. ಆದರೆ ಸುಮ್ಮನಿದ್ದದ್ದಂತೂ ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ.

ಅಪ್ಪನ ಹಳೇ ಚಾಳಿ ಪೊಲೀಸರಿಗೆ ಹೇಗೆ ಗೊತ್ತಾಯಿತು? ಪಟಾಕಿಯನ್ನು ಬಿಟ್ಟರೆ ಇನ್ಯಾರು? ಅವಳು ಸಿಟ್ಟಿನಲ್ಲಿ ಅವನ ಕೋಣೆಗೆ ನುಗ್ಗಿದಳು. ಹದ್ದು ಬಡಿದದ್ದಕ್ಕೆ ಅವನನ್ನು ಕೆಲಸದಿಂದ ಅಮಾನತು ಮಾಡಿದ್ದರು. ಹಳದಿ ಅಂಗಿ ಮೊಳೆಗೆ ನೇತಾಡುತ್ತಿತ್ತು. ಅವನು ಬನಿಯನ್ನಿನಲ್ಲಿ ಮಂಚದ ಮೇಲೆ ಕೂತಿದ್ದ.

"ನಂಬಿದ್ದೆ ನಿಮ್ಮನ್ನ. ಅಪ್ಪನ ವಿಷಯ ಹೇಳಿಬಿಟ್ರಲ್ಲಾ."

"ನಾನಿನ್ನೂ ಹೇಳಿಲ್ಲ," ಅಂದ. "ನಿಮ್ಮ ಬೀದಿಯವರು ಹೇಳಿರಬೇಕು. ಮಹಡಿ ಎಲ್ಲರಿಗೂ ಕಾಣುತ್ತೆ."

ಅವಳಿಗೆ ನಾಚಿಕೆಯಾಯಿತು.

"ಆದ್ರೆ ನಾಳೆ ವಿಚಾರಣೆಯಲ್ಲಿ ಹೇಳ್ತೀನಿ. ನಾನೇ ಕಣ್ಣಾರೆ ನೋಡಿದ್ದೆ, ಮುಚ್ಚಿಟ್ಟೆ ಅಂತ. ಹೇಳಿದ್ರೆ ನಿಮ್ಮ ಅಪ್ಪನಿಗೆ ಶಿಕ್ಷೆ ಜಾಸ್ತಿ ಆಗುತ್ತೆ, ಗೊತ್ತು. ಬೈರಿ, ಬೈಸ್ಕೋತೀನಿ."

"ಯಾಕೆ ಹೇಳಬೇಕು? ಯಾರು ಕೇಳ್ತಿದಾರೆ ನಿಮ್ಮನ್ನ?"

"ಆಸ್ಪತ್ರೆಗೆ ಹೋಗಿದ್ದೆ." ಅವನು ಮೊಳೆಯ ಮೇಲಿನ ಅಂಗಿಯತ್ತ ನೋಡಿದ. "ಆ ಪೈಲಟ್ ಮೇಡಂ ಕೇಳಿದ್ರು... 'ಹಕ್ಕಿ ಇಲ್ಲ, ದಾರಿ ಖಾಲಿ ಇದೆ ಅಂದಿದ್ರಲ್ಲ?' ಅಂತ. ಏನು ಹೇಳ್ಲಿ? ಅವತ್ತು ನಿಮ್ಮ ಅಪ್ಪನ ಮೇಲೆ ದೂರು ಕೊಟ್ಟಿದ್ರೆ ಇವತ್ತು ಹೀಗಾಗ್ತಿರಲಿಲ್ಲ. ನಿಮ್ಮ ಮುಖ ನೋಡಿ ಬಿಟ್ಟೆ ನಾನು. ಅವರ ಕಣ್ಣು ನನ್ನಿಂದ ಹೋಯ್ತು."

ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಅಲ್ಲಿ, ಇವನು ಇಲ್ಲಿ. ತಾನು ಮಾಡಿದ್ದನ್ನು ಇಬ್ಬರು ಗಂಡಸರು ಹಂಚಿಕೊಂಡು ಹೊರುತ್ತಿದ್ದಾರೆ. ಸುಮ್ಮನೆ ಹೊರಟು ಹೋದರೆ ಅವಳನ್ನು ಕೇಳುವವರೇ ಇರಲಿಲ್ಲ. ಹೇಳಿದರೆ ಅಂಗಡಿ ಹೋಗುತ್ತದೆ, ಇವನೂ ಹೋಗುತ್ತಾನೆ.

"ಅಪ್ಪ ಅಲ್ಲ."

"ಏನು?"

"ಬಯಲಲ್ಲಿ ಸುರಿದದ್ದು ನಾನು. ಅಪ್ಪ ನೀವು ನೋಡಿದ ದಿನದಿಂದ ಒಂದು ಚೂರೂ ಎಸೆದಿಲ್ಲ."

ಅವನು ಮುಖದಿಂದ ಕೈ ತೆಗೆದ. ಯಾರೋ ಗುರುತಿಲ್ಲದವಳನ್ನು ನೋಡುವಂತೆ ನೋಡಿದ. 

"ನಿಮಗೆ ಎಲ್ಲಾ ಗೊತ್ತಿತ್ತು. ನಾನೇ ಹೇಳಿಕೊಟ್ಟಿದ್ದೆ."

"ಹೌದು."

"ಹೋಗಿ," ಅಂದ. "ದಯವಿಟ್ಟು ಇಲ್ಲಿಂದ ಹೋಗಿ."

ಮರುದಿನ ವಿಚಾರಣೆಯ ಕೋಣೆಯಲ್ಲಿ ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತಿದ್ದರು. ಅವನು ಎದ್ದು ತಾನು ಮುಚ್ಚಿಟ್ಟದ್ದನ್ನು ಹೇಳಿದ. ಅವಳೂ ಎದ್ದು ತಾನು ಮಾಡಿದ್ದನ್ನು ಪೂರ್ತಿ ಹೇಳಿದಳು. ಅಪ್ಪ ಹಿಂದಿನಿಂದ "ಸುಳ್ಳು ಸಾರ್, ಅವಳಿಗೆ ತಲೆ ಕೆಟ್ಟಿದೆ" ಅಂತ ಕೂಗುತ್ತಲೇ ಇದ್ದ. ಮುದುಕನನ್ನು ಗದರಿ ಮನೆಗೆ ಕಳಿಸಿದರು. ಕೇಸು ನಡೆಯಿತು. ಅವಳಿಗೆ ಜೈಲಾಯಿತು. ಪಟಾಕಿಯ ಕೆಲಸ ಹೋಯಿತು. ಅವನು ಮತ್ತೆ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಜೈಲಿನಲ್ಲಿ ಅವಳನ್ನು ಅಡುಗೆಮನೆಗೆ ಹಾಕಿದರು. ಅವಳು ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ. ಭೇಟಿಯ ದಿನ ಬಂದರೆ ಪಾತ್ರೆ ತಿಕ್ಕುವ ಕೆಲಸ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಅಪ್ಪ ಕೋಪದಲ್ಲಿದ್ದ, ಬರುವುದಿಲ್ಲ ಅಂದಿದ್ದ. ಇನ್ಯಾರು ಬರುತ್ತಾರೆ?

"ಏಯ್, ಎದ್ದೇಳು," ಅಂದಳು ಕಾವಲಿನ ಹೆಂಗಸು ಒಂದು ಬೆಳಿಗ್ಗೆ. "ನಿನ್ನ ಮದುವೆ ಆಗೋ ಹುಡುಗ ಬಂದಿದಾನೆ."

"ನಂಗೆ ಅಂಥವರು ಯಾರೂ ಇಲ್ಲ ಅಕ್ಕಾ."

"ನಾನೇನು ಕಥೆ ಕಟ್ತೀನಾ? ಗೇಟಲ್ಲಿ ಕೇಳಿದ್ರೆ ಹಾಗಂದ. ಬೇಗ ನಡಿ."

ತಂತಿ ಜಾಲರಿಯ ಆಚೆ ಪಟಾಕಿ ನಿಂತಿದ್ದ. ಸೊರಗಿದ್ದ, ಗಡ್ಡ ಬಿಟ್ಟಿದ್ದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಿಮ್ಮ ಅಪ್ಪ ನನ್ನ ಜೊತೆ ಇದಾರೆ," ಅಂದ. "ಅಂಗಡಿಗೆ ಬೀಗ ಹಾಕಿದ ಮೇಲೆ ಒಬ್ಬರೇ ಇರ್ತಿದ್ರು. ಕರ್ಕೊಂಡು ಬಂದೆ. ಕೋಪ ಇಳೀತಾ ಇದೆ."

"ಪೈಲಟ್ ಮೇಡಂ?"

"ಒಂದು ಕಣ್ಣು ಉಳೀತು. ಆದ್ರೆ ಇನ್ನು ವಿಮಾನ ಹಾರಿಸೋ ಹಾಗಿಲ್ಲ."

ಅವಳು ಜಾಲರಿಗೆ ಹಣೆ ಒತ್ತಿ ಅತ್ತಳು. ಅವನು ಸಮಾಧಾನ ಹೇಳಲಿಲ್ಲ. ಅಳಲಿ ಅಂತ ಬಿಟ್ಟ.

"ಕ್ಷಮಿಸಿದೀನಿ ಅಂತ ಹೇಳೋಕೆ ಬಂದಿಲ್ಲ ನಾನು," ಅಂದ. "ನಿಮ್ಮನ್ನೂ ಆಗ್ತಿಲ್ಲ, ನನ್ನನ್ನೂ ಆಗ್ತಿಲ್ಲ. ಆದ್ರೆ ನಿಮ್ಮನ್ನ ಬಿಟ್ಟು ಇರೋಕೂ ಆಗ್ತಿಲ್ಲ. ಎಷ್ಟು ಪ್ರಯತ್ನ ಪಟ್ಟೆ ಗೊತ್ತಾ..."

"ಗೇಟಲ್ಲಿ ಯಾಕೆ ಹಾಗಂದ್ರಿ?"

"ಏನಾಗಬೇಕು ಅಂತ ಕೇಳಿದ್ರು. ಸಂಬಂಧ ಇಲ್ಲದವರನ್ನ ಒಳಗೆ ಬಿಡಲ್ವಂತೆ." ಅವನು ತಲೆ ತಗ್ಗಿಸಿದ. "ಬಾಯಿಗೆ ಬಂದಿದ್ದನ್ನ ಹೇಳಿಬಿಟ್ಟೆ. ತಪ್ಪಾಯ್ತಾ?"

ಟೈಮಾಯ್ತು ಅಂತ ಕಾವಲಿನವಳು ಕೋಲು ಕುಟ್ಟಿದಳು. ಅವಳು ಜಾಲರಿಯ ಕಿಂಡಿಯಲ್ಲಿ ಬೆರಳು ತೂರಿಸಿದಳು, ಅವನು ಆ ಬೆರಳ ತುದಿ ಹಿಡಿದುಕೊಂಡ.

"ಹೋಗುವಾಗ ಗೇಟಿನವರಿಗೆ ಒಂದು ಮಾತು ಹೇಳಿ."

"ಏನಂತ?"

"ನೀವು ನಿಜಾನೇ ಹೇಳಿದ್ದು ಅಂತ."