ಹೊಲಿದ ಮುಸುಕು

ಈಸ್ಟರಿನ ಹಿಂದಿನ ಶನಿವಾರ ಮಧ್ಯಾಹ್ನ ಥಾರ್ನ್‌ಮಿಯರ್ ಚರ್ಚಿನಲ್ಲಿ ಫಾದರ್ ಓಸ್ವಿನ್ ಉಪವಾಸಕಾಲದಲ್ಲಿ ವಿಗ್ರಹಕ್ಕೆ ಹೊದಿಸಿಡುವ ನೇರಳೆ ಮುಸುಕಿನ ಅಂಚು ಹಿಡಿದು ಸುಮ್ಮನೆ ಜಗ್ಗಿ ನೋಡಿದರು. ಪಕ್ಕದಲ್ಲಿ ಹೆಸ್ಟರ್ ಕತ್ತರಿ ಹಿಡಿದು ನಿಂತೇ ಇದ್ದಳು. ಗುಂಡುಪಿನ್ನುಗಳು ಕಲ್ಲುನೆಲದ ಮೇಲೆ ಟಿಣ್ಣೆಂದು ಚೆಲ್ಲಿ, ಬಟ್ಟೆ ಜಾರಿ ಬಿತ್ತು. ಒಳಗೆ ಮಗುವನ್ನೆತ್ತಿಕೊಂಡ, ಮೊಳದೆತ್ತರದ ಬಿಳಿಗಲ್ಲಿನ ತಾಯಿ ಇರಲಿಲ್ಲ. ಊರ ಪಕ್ಕದ ಪಾಳುಮಠದ ಒಂದು ಒರಟು ಕಲ್ಲು, ಮೈತುಂಬ ಪಾಚಿ ಹೊತ್ತು ನಿಂತಿತ್ತು.

ಹೂವಿನ ಬುಟ್ಟಿ ಹಿಡಿದಿದ್ದ ಲೆಟಿಸ್‌ಗೆ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಯಿತು: ತೊಟ್ಟಿಲ ಮಗುವನ್ನು ಕದ್ದೊಯ್ದು ಅದರ ಜಾಗದಲ್ಲಿ ಕೊರಡು ಮಲಗಿಸಿ ಹೋಗುವವರ ಕತೆ. ಅವಳು ಬುಟ್ಟಿ ಅಲ್ಲೇ ಬಿಟ್ಟು ಸೋದರಮಾವ ಡಾಕ್ಟರ್ ಲಾರ್‌ವುಡ್‌ರನ್ನು ಕರೆತರಲು ಓಡಿದಳು. ಪೊಲೀಸರಿಗಾಗಿ ಶವಪರೀಕ್ಷೆ ಮಾಡಿ ಮಾಡಿ ನಿವೃತ್ತರಾದ ಮಾಮ, ಮಠದ ಹಳೇ ಹೆಬ್ಬಾಗಿಲ ಮನೆಯಲ್ಲಿದ್ದರು. ಊರಲ್ಲಿ ಬಿಡಿಸಲಾಗದ ಗಂಟು ಏನೇ ಬಿದ್ದರೂ ಜನ ಬರುತ್ತಿದ್ದುದು ಆ ಮನೆಗೇ.

ಅವರಿಬ್ಬರೂ ಬರುವಷ್ಟರಲ್ಲಿ ಸಾರ್ಜೆಂಟ್ ಬ್ಲೋಫೀಲ್ಡ್ ಎಲ್ಲರನ್ನೂ ಪೀಠದ ಮುಂದಿನ ಬೆಂಚುಗಳಲ್ಲಿ ಕೂರಿಸಿದ್ದ. ಕಿಟಕಿಗಳಾಚೆ ಜೌಗಿನ ಮಂಜು ಗೋರಿಗಳನ್ನೆಲ್ಲ ನುಂಗಿ ನಿಂತಿತ್ತು.

"ಎರಡು ವಾರದ ಹಿಂದೆ, ಸೋಮವಾರ ರಾತ್ರಿ, ಚರ್ಚು ನೋಡ್ಕೊಳ್ತಿದ್ದ ನಿನ್ನ ಮಾವ ಜೊಸಾಯ ಮಠದ ಮುರುಕು ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ. ಕಾಲು ಜಾರಿದ ಅಂದ್ಕೊಂಡ್ವಿ," ಎಂದ ಸಾರ್ಜೆಂಟ್, ಹೆಸ್ಟರ್ ಕಡೆ ತಿರುಗಿ. "ಅವತ್ತಿಂದ ಚರ್ಚಿನ ಬೀಗದ ಕೈ ನಿನ್ನ ಹತ್ರಾನೇ. ಆವತ್ತು ಸಂಜೆ ಜಗಳ ಆಡಿ ಮುನಿಸ್ಕೊಂಡೇ ಅವನು ಹೊರಗೆ ಹೋಗಿದ್ದು. ಈಗೇನಮ್ಮ ಹೇಳ್ತೀಯ?"

"ಗಂಜಿ ಸೀದೋಯ್ತು ಅಂತ ಜಗಳ. ಅಷ್ಟಕ್ಕೆಲ್ಲ ಕೊಲೆ ಮಾಡೋದಾದ್ರೆ ಈ ಊರಲ್ಲಿ ಒಬ್ಬ ಗಂಡಸೂ ಉಳೀತಿರ್ಲಿಲ್ಲ, ಸಾರ್ಜೆಂಟ್ರೇ."

ಯಾರೂ ನಗಲಿಲ್ಲ. ಹೆಸ್ಟರ್‌ಳ ಗಂಡ ಯುದ್ಧದಿಂದ ಮರಳಿರಲಿಲ್ಲ. ಅವಳು ಜೈಲಿಗೆ ಹೋದರೆ ಪುಟ್ಟ ಮಗಳು ಅನಾಥಾಲಯಕ್ಕೆ ಹೋಗಬೇಕೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹಿಂದಿನ ಬೆಂಚಿನಲ್ಲಿದ್ದ ವಾಡ್ರಿ ನಿಟ್ಟುಸಿರು ಬಿಟ್ಟ. ಹಳೇ ಚರ್ಚು, ಪಾಳುಮಠಗಳ ಚಿತ್ರ ಬರೆಯುತ್ತ ಊರೂರು ಅಲೆಯುವ ಯಾತ್ರಿಕ ಅವನು. ಜೊಸಾಯ ಸತ್ತದ್ದು ಅವನು ಊರಿಗೆ ಬಂದು, ಚರ್ಚಿನ ಬೀಗದ ಕೈ ಈಸಿಕೊಂಡು ಒಬ್ಬನೇ ಚಿತ್ರ ಬರೆಯುತ್ತ ಕೂತ ದಿನವೇ. ಅಂದಿನಿಂದಲೂ ಪಾಳುಮಠದ ಚಿತ್ರ ಮುಗಿಯಲಿಲ್ಲವೆಂದು ಛತ್ರದ ಕೋಣೆ ಬಿಟ್ಟಿರಲಿಲ್ಲ. ಈಗಲೂ ಅವನ ಷರಾಯಿಯ ಮಂಡಿಗಳಿಗೆ ಹಸಿಮಣ್ಣು ಮೆತ್ತಿತ್ತು.

"ಹೇಳೋಕೆ ಸಂಕಟ ಆಗತ್ತೆ. ಆದ್ರೆ ಆ ಸೋಮವಾರ ಮಧ್ಯಾಹ್ನ ವಿಗ್ರಹ ಇಲ್ಲೇ ಇತ್ತು, ನಾನೇ ನೋಡಿದೀನಿ," ಎಂದ. "ಮುದುಕರು ಪಾಪ, ಮುಸುಕು ಒಂಚೂರು ಮೇಲೆತ್ತಿ ಮುಖ ತೋರಿಸಿದ್ರು. ಕೆನ್ನೆ ಮೇಲೆ ಕೂದಲೆಳೆಯಂಥ ಸೀಳು. ಏನು ಮುಖ ರೀ ಅದು!"

ಎಲ್ಲರೂ ತಲೆದೂಗಿದರು. ಆ ಮುಖವನ್ನು ಹುಟ್ಟಿದಾಗಿನಿಂದ ಕಂಡವರು ಅವರು. ಮಾತು ಕೇಳುತ್ತಲೇ ಅದು ಕಣ್ಣೆದುರು ಬಂದಿತ್ತು. ಲೆಟಿಸ್ ಕೂಡ ತಲೆದೂಗಿದಳು. ಮಾಮ ಮಾತ್ರ ಅಲ್ಲಾಡಲಿಲ್ಲ.

"ಫಾದರ್, ಆ ಸೀಳು ಯಾವಾಗ ಬಂದದ್ದು?"

"ಈ ಚಳಿಗಾಲದ ಹಿಮಕ್ಕೆ, ಡಾಕ್ಟ್ರೇ."

"ಸರಿ. ಹಾಗಾದ್ರೆ ಈ ಮನುಷ್ಯ ಹಳೇ ಚಿತ್ರ ನೋಡಿ ಹೇಳ್ತಿಲ್ಲ, ವಿಗ್ರಹಾನೇ ನೋಡಿದಾನೆ." ಮಾಮ ಬಗ್ಗಿ ಒಂದು ಪಿನ್ನು ಎತ್ತಿಕೊಂಡರು. "ಹೆಸ್ಟರ್, ಮುಸುಕು ಹಾಕಿದ್ದು ಯಾವತ್ತು?"

"ಆ ಸೋಮವಾರದ ಹಿಂದಿನ ದಿನ, ಭಾನುವಾರ. ಪ್ರತಿ ವರ್ಷದ ಹಾಗೇ ತಲೆಯಿಂದ ಪಾದದವರೆಗೆ ಹಿಂದುಗಡೆ ಹೊಲಿದು, ಪಾದದಡಿಯೂ ಬಿಗಿದೆ. ಅದು ನಮ್ಮನೆ ಹೆಂಗಸರ ಕೆಲಸ. ಇವತ್ತು ಕತ್ತರಿಸೋವರೆಗೂ ಯಾರೂ ಮುಟ್ಟೋ ಹಾಗಿಲ್ಲ."

"ಕೇಳಿದ್ರಾ, ವಾಡ್ರಿ? ಪಾದದಡಿ ಬಿಗಿದು ಹೊಲಿದ ಚೀಲ ಅದು. ಒಂಚೂರು ಎತ್ತೋದಕ್ಕೆ ಬರಲ್ಲ. ಕತ್ತರಿಸಬೇಕು."

"ಹಾಗಾದ್ರೆ... ಮುದುಕರೇ ಕತ್ತರಿಸಿದ್ರೇನೋ."

ಬೆಂಚುಗಳಲ್ಲಿ ಗುಜುಗುಜು ಎದ್ದಿತು. "ಜೊಸಾಯನಾ? ಹೋದ ವರ್ಷ ಬಿಷಪ್ಪರು ಕೇಳಿದ್ರೂ ತೆಗೀಲಿಲ್ಲ ಪುಣ್ಯಾತ್ಮ!" ಎಂದರು ಫಾದರ್.

"ತೆಗೆದಿದ್ರೂ ಆವತ್ತೇ ಸೊಸೆ ಕೈಲಿ ಮತ್ತೆ ಹೊಲಿಸ್ತಿದ್ದ," ಎಂದರು ಮಾಮ. "ಹೆಸ್ಟರ್ ಕದ್ದಿದ್ರೂ ಅಷ್ಟೇ, ಹೊಲಿದೇ ಇಡ್ತಿದ್ಲು. ಹೊಲಿಗೆ ಅವಳದ್ದೇ, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಪಿನ್ನು ಚುಚ್ಚಿದವನು ಹೊಲಿಗೆ ಬರದ, ಊರಿನವನಲ್ಲದ ಮನುಷ್ಯ. ಆ ಸೋಮವಾರ ಜೊಸಾಯನ ಹತ್ರ ಬೀಗದ ಕೈ ಈಸ್ಕೊಂಡು ಚಿತ್ರ ಬರೀತೀನಿ ಅಂತ ಒಬ್ಬನೇ ಕೂತಿದ್ದವನು. ಕಳ್ಳತನ ಜೊಸಾಯ ಸತ್ತು ಬೀಗದ ಕೈ ಹೆಸ್ಟರ್ ಹತ್ರ ಬಂದ ಮೇಲೆ ಆಯ್ತು ಅನ್ನಿಸ್ಬೇಕಿತ್ತು, ಅದಕ್ಕೇ ಮುಖ ನೋಡ್ದೆ ಅಂದ."

"ಕದ್ದಿದ್ರೆ ಆವತ್ತೇ ಹೋಗ್ತಿರ್ಲಿಲ್ವಾ ನಾನು?" ವಾಡ್ರಿಯ ದನಿ ಏರಿತ್ತು. "ಎರಡು ವಾರ ಇಲ್ಯಾಕೆ ಕೂತಿರ್ತಿದ್ದೆ?"

"ಅದನ್ನೇ ನಾನೂ ಯೋಚಿಸ್ತಿದ್ದೆ. ಚಿತ್ರ ಬರೆಯೋನ ಮಂಡಿಗೆ ಯಾಕಪ್ಪ ಮಣ್ಣು? ಮುರುಕು ಮೆಟ್ಟಿಲ ಬುಡದಲ್ಲಿ ದಿನಾ ಏನೋ ಹುಡುಕ್ತಿದೀಯ. ವಿಗ್ರಹ ಒಡೆದುಹೋಗಿದೆ, ಚೂರೆಲ್ಲ ಇನ್ನೂ ಸಿಕ್ಕಿಲ್ಲ, ಅಲ್ವಾ? ಸಾರ್ಜೆಂಟ್, ಇವನ ಚೀಲ ತರಿಸಿ."

ಚೀಲ ಬಂತು. ಕರವಸ್ತ್ರಗಳಲ್ಲಿ ಸುತ್ತಿದ ಬಿಳಿಗಲ್ಲಿನ ಚೂರುಗಳು: ಮಗುವಿನ ತೋಳು, ಸೆರಗಿನ ನೆರಿಗೆ, ಸೀಳಿದ್ದ ಕೆನ್ನೆ. ಮಗುವಿನ ತಲೆ ಮಾತ್ರ ಇರಲಿಲ್ಲ. ಫಾದರ್ ಓಸ್ವಿನ್ ಮುಖ ತಿರುಗಿಸಿಕೊಂಡರು.

ಕೊನೆಗೆ ವಾಡ್ರಿಯೇ ಬಾಯಿಬಿಟ್ಟ. "ಮೆಟ್ಟಿಲ ಮೇಲಿನ ಗೂಡಲ್ಲಿ ಬಚ್ಚಿಡ್ತಿದ್ದೆ. ಮುದುಕರು ದೀಪ ನೋಡಿ ಹತ್ತಿ ಬಂದ್ರು. ನಾನು ತಳ್ಳಲಿಲ್ಲ, ದೇವರಾಣೆ. ವಿಗ್ರಹ ಹಿಡ್ಕೊಂಡು ಎಳೆದ್ರು... ನಾನು ಕೈ ಬಿಟ್ಟೆ."

ಸಾರ್ಜೆಂಟ್ ಅವನ ರಟ್ಟೆ ಹಿಡಿದು ಎಬ್ಬಿಸಿದ. ಆಗ ಹೆಸ್ಟರ್ ಎದ್ದು ದಾರಿಗೆ ಅಡ್ಡ ನಿಂತಳು.

"ಬಿದ್ದ ಮೇಲೆ ಜೀವ ಇತ್ತಾ?"

ವಾಡ್ರಿ ಹೌದೆಂದು ಮೆಲ್ಲಗೆ ತಲೆಯಾಡಿಸಿದ.

"ಏನಾದ್ರೂ ಅಂದ್ರಾ?"

"ಹೆಸ್ಟರ್‌ನ ಕರಿ ಅಂದ್ರು."

ಪಾಳುಮಠದಿಂದ ಹೆಸ್ಟರ್‌ಳ ಮನೆಗೆ ಕೂಗಳತೆ ದೂರ. ಲೆಟಿಸ್ ಹತ್ತಿರ ಹೋಗಿ ಭುಜ ಹಿಡಿಯಹೊರಟಳು. ಮಾಮ ಬೇಡವೆಂಬಂತೆ ಅವಳ ತೋಳು ಮುಟ್ಟಿದರು.

"ನಾನು ಎದ್ದೇ ಇದ್ನಲ್ಲೋ," ಎಂದಳು ಹೆಸ್ಟರ್. "ಬೇರೆ ಗಂಜಿ ಮಾಡಿ, ಒಲೆ ಮೇಲೆ ಬಿಸಿ ಇಟ್ಕೊಂಡು ಕಾಯ್ತಾ ಕೂತಿದ್ದೆ."