ಎಂಜಿನ್ ಆರಿಸುವ ಮುನ್ನ ಎರಡು ನಿಮಿಷ

"ಏನ್ರೀ ಸ್ವಾಮಿ, ನಿಮ್ಮ ಹೊಗೆಯೆಲ್ಲ ನನ್ನ ಸೂಪಿಗೇ ಬೀಳ್ತಿದೆ. ಗಾಡಿ ಆಫ್ ಮಾಡ್ತೀರೋ, ನಾನೇ ಬಂದು ಮಾಡ್ಲೋ?"

ಸಿಗ್ನೆ ಎಂಬ ಅಡುಗೆಯವಳು ಹಾರ್ಲನ್‌ಗೆ ಆಡಿದ ಮೊದಲ ಮಾತು ಇದು. ಲೋನ್ ಬ್ಯೂಟ್ ಊರಿನ ಶಾಲೆಯ ಅಡುಗೆಮನೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೈಯಲ್ಲಿ ಸೌಟು ಹಿಡಿದು ಆಡಿದ್ದು. ಟ್ರಕ್ಕಿನಲ್ಲಿ ಕೂತವನು ಟೊಪ್ಪಿ ತೆಗೆದ.

"ಎರಡೇ ನಿಮಿಷ ಮೇಡಂ."

ಸಿಗ್ನೆಗೆ ನಲವತ್ಮೂರು. ಗಂಡ ಬಿಟ್ಟುಹೋಗಿ ಎಂಟು ವರ್ಷ. ಗಂಡಸರ ಎರಡು ನಿಮಿಷ ಎಷ್ಟು ಉದ್ದ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇವನು ಗಡಿಯಾರ ನೋಡಿ, ಸರಿಯಾಗಿ ಎರಡನೇ ನಿಮಿಷಕ್ಕೆ ಎಂಜಿನ್ ಆರಿಸಿ ಇಳಿದ. ಟ್ರಕ್ಕಿನ ಹಿಂದೆ ಆರು ಡ್ರಮ್ಮು ಕುಸುಬೆ ಎಣ್ಣೆಯಿತ್ತು.

"ಈ ಗಾಡಿ ಓಡೋದು ನಿಮ್ಮಂಥವರು ಕರಿದು ಬಿಟ್ಟ ಎಣ್ಣೇಲಿ," ಎಂದ. "ನಿಲ್ಲಿಸೋಕೆ ಮುಂಚೆ ಎರಡು ನಿಮಿಷ ಡೀಸೆಲ್ ಬಿಟ್ಟು ಪೈಪ್ ತೊಳೀಬೇಕು. ಇಲ್ಲಾಂದ್ರೆ ಚಳಿಗೆ ಎಣ್ಣೆ ಒಳಗೇ ಗಟ್ಟಿಯಾಗುತ್ತೆ. ಆಮೇಲೆ ದೇವರು ಬಂದು ತಳ್ಳಿದ್ರೂ ಸ್ಟಾರ್ಟ್ ಆಗಲ್ಲ."

"ಮತ್ತೆ ಈ ಹೊಸ ಎಣ್ಣೆ ನಮಗೆ ಮಾರೋಕಲ್ವಾ?"

"ಎರವಲು ಮೇಡಂ. ನೀವು ಆಲೂಗಡ್ಡೆ ಕರೀರಿ, ಆಮೇಲೆ ವಾಪಸ್ ಕೊಡಿ. ಮೊದಲು ಹೊಟ್ಟೆಗೆ, ಆಮೇಲೆ ಗಾಡಿಗೆ."

ಎಣ್ಣೆಯನ್ನು ಎರವಲು ಕೊಡುವ ಮನುಷ್ಯನನ್ನು ಸಿಗ್ನೆ ಮೊದಲ ಸಲ ನೋಡಿದ್ದಳು. ಸ್ವಲ್ಪ ಹೆಚ್ಚೇ ನೋಡಿದಳು. ಅವನ ಕಿವಿ ಕೆಂಪಾಗಿದ್ದು ಗಾಳಿಗೋ ಇನ್ನೇತಕ್ಕೋ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಪ್ರತಿ ಗುರುವಾರ ಆ ಎರಡು ನಿಮಿಷ ಅವಳದಾಯಿತು. ಟ್ರಕ್ಕಿನ ಸದ್ದು ಕೇಳಿದರೆ ಏಪ್ರನ್ ಬಿಚ್ಚಿ, ಕೂದಲು ಸರಿಮಾಡಿಕೊಂಡು ಹೊರಗೆ ಬಂದು ಅವನ ಬಾಗಿಲಿಗೆ ಒರಗಿ ನಿಲ್ಲುವಳು. ಅವನು ಹೊಲದ ಸುದ್ದಿ ಹೇಳುವನು. ಒಂದು ವರ್ಷ ಗೋಧಿ, ಒಂದು ವರ್ಷ ಮಸೂರ, ಒಂದು ವರ್ಷ ಕುಸುಬೆ. ಗೊಬ್ಬರದ ಚೀಲ ಇಲ್ಲ, ಔಷಧಿ ಇಲ್ಲ.

"ಕುಸುಬೆ ಬೇರು ಆಳಕ್ಕೆ ಹೋಗುತ್ತೆ, ಆಳು ಮುಳುಗೋಷ್ಟು. ಮೇಲೆ ನೋಡಿದ್ರೆ ಬರೀ ಮುಳ್ಳು."

"ನಿಮ್ಮ ಹಾಗೆ," ಎಂದಳು ಒಂದು ದಿನ.

ಅವನು ಸ್ಟಿಯರಿಂಗ್ ನೋಡಿದ, ಕಿಟಕಿಯ ಅಂಚು ನೋಡಿದ, ಅಲ್ಲಿದ್ದ ಅವಳ ಬೆರಳು ನೋಡಿದ. ಕಣ್ಣೆತ್ತಿ ಅವಳನ್ನು ನೋಡುವಷ್ಟರಲ್ಲಿ ಎರಡು ನಿಮಿಷ ಮುಗಿದಿತ್ತು. ಮುಂದಿನ ವಾರ ಅವಳು ಅಡುಗೆಮನೆಯಿಂದ ಒಂದು ಪುಟ್ಟ ಟೈಮರ್ ತಂದುಕೊಟ್ಟಳು, ಮೊಟ್ಟೆ ಬೇಯಿಸುವಾಗ ತಿರುಗಿಸಿ ಇಡುವಂಥದ್ದು. ಅವನು ಅದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡ. ಕೆಲವು ಗುರುವಾರ ಅದನ್ನು ಮೂರು ನಿಮಿಷಕ್ಕೆ ತಿರುಗಿಸುತ್ತಿದ್ದ. ಇಬ್ಬರೂ ಕಂಡೂ ಕಾಣದವರ ಹಾಗೆ ಇರುತ್ತಿದ್ದರು.

ಸಿಗ್ನೆಯ ಜೊತೆಗಿದ್ದವನು ಅಣ್ಣ ಐನಾರ್ ಒಬ್ಬನೇ. ಮೂವತ್ತು ವರ್ಷ ಧಾನ್ಯದ ಗೋದಾಮಿನಲ್ಲಿ ದುಡಿದವನು, ಬಾಯಿ ಸುಮ್ಮನಿರದ ಆಸಾಮಿ.

"ಒಂದೂವರೆ ವರ್ಷದಿಂದ ಎಣ್ಣೆ ಹೊತ್ತು ಬಾಗಿಲಿಗೆ ಬರ್ತಿದಾನೆ," ಎಂದ ಜನವರಿಯಲ್ಲಿ. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರೆ ಆಮೇಲೆ ಅತ್ತು ಪ್ರಯೋಜನ ಇಲ್ಲ ಕಣೇ. ಭಾನುವಾರ ಊಟಕ್ಕೆ ಕರಿ."

"ನೀನೇ ಮದುವೆ ಆಗು ಅವನ್ನ."

"ನಾನು ರೆಡಿ. ಅವನ ಗಾಡಿ ವಾಸನೆಗೇ ನಂಗೆ ಹಸಿವಾಗುತ್ತೆ."

ಕರೆದಳು. ಆ ಭಾನುವಾರ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಮಧ್ಯಾಹ್ನ ಟ್ರಕ್ಕು ಅಂಗಳಕ್ಕೆ ಬಂದಾಗ ಸಿಗ್ನೆ ಕೋಟೂ ಹಾಕದೆ ಓಡಿಬಂದಳು. ಹಾರ್ಲನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೀಟಿನಲ್ಲಿ ನೆಟ್ಟಗೆ ಕೂತು, ಟೈಮರ್ ತಿರುಗಿಸುತ್ತಿದ್ದ.

"ಊಟ ಆರ್ತಿದೆ."

"ಎರಡು ನಿಮಿಷ."

"ಒಂದೂವರೆ ವರ್ಷ ಆಯ್ತು ನಿನ್ನ ಎರಡು ನಿಮಿಷಕ್ಕೆ," ಎಂದು ನಕ್ಕಳು. ನಗುತ್ತಲೇ ಕಿಟಕಿಯಿಂದ ಕೈ ಚಾಚಿ ಕೀ ತಿರುಗಿಸಿಬಿಟ್ಟಳು. ಎಂಜಿನ್ ನಿಂತಿತು. ಮೊದಲ ಬಾರಿಗೆ "ನಿನ್ನ" ಎಂದಿದ್ದಳು. ಅವಳ ತೋಳು ಅವನ ಎದೆಗೆ ತಗುಲಿತ್ತು, ಮುಖ ತೀರ ಹತ್ತಿರವಿತ್ತು. ಅವನು ಕೀ ಕಡೆ ನೋಡಿದ, ಅವಳ ಕಡೆ ನೋಡಿದ, ಇಳಿದು ಅವಳ ಹಿಂದೆ ನಡೆದ.

ಊಟ ಚೆನ್ನಾಗಿತ್ತು. ಐನಾರ್ ಎರಡು ಸಲ ಮಾಂಸ ಬಡಿಸಿಕೊಂಡ, ಹಾರ್ಲನ್‌ನನ್ನು ಆಗಲೇ ಭಾವ ಎಂದು ಕರೆದ. ಕಾಫಿ ಹೊತ್ತಿಗೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಯಾಕೋ ಹಿಡ್ಕೊಳ್ತಿದೆ ಸಿಗ್ನೆ," ಎಂದ. ಮುಖ ಹಿಟ್ಟಿನ ಹಾಗೆ ಬಿಳುಪಾಗಿತ್ತು.

ಅವಳ ಕಾರು ವಾರದಿಂದ ಗ್ಯಾರೇಜಿನಲ್ಲಿತ್ತು. ಆಸ್ಪತ್ರೆಗೆ ಮೂವತ್ತು ಮೈಲಿ. ಇಬ್ಬರೂ ಸೇರಿ ಐನಾರ್‌ನನ್ನು ಕಂಬಳಿಯಲ್ಲಿ ಸುತ್ತಿ ಟ್ರಕ್ಕಿಗೆ ಹತ್ತಿಸಿದರು. ಹಾರ್ಲನ್ ಕೀ ತಿರುಗಿಸಿದ. ಎಂಜಿನ್ ನರಳಿತು. ಮತ್ತೆ ತಿರುಗಿಸಿದ. ಎರಡು ಗಂಟೆಯ ಚಳಿಗೆ ಎಣ್ಣೆ ಪೈಪಿನಲ್ಲಿ ಬೆಣ್ಣೆಯಾಗಿತ್ತು. ಅವನು ಹಿಮದ ಮೇಲೆ ಅಂಗಾತ ಮಲಗಿ, ಅವಳು ತಂದ ಬಿಸಿನೀರನ್ನು ಪೈಪಿನ ಮೇಲೆ ಹುಯ್ದ. ಒಂದು ಕೆಟಲ್, ಎರಡು ಕೆಟಲ್. ಮೂರನೆಯದನ್ನು ತರುವಾಗ ಐನಾರ್ ತಂಗಿಯ ಕಡೆ ನೋಡುತ್ತಿದ್ದ, ಆದರೆ ನೋಟದಲ್ಲಿ ಅವನಿರಲಿಲ್ಲ. ಸಿಗ್ನೆ ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬರುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು.

"ಬೇಗ ಬಂದಿದ್ರೆ ಉಳೀತಿದ್ನಾ?" ಎಂದು ಸಿಗ್ನೆ ಕೇಳಿದ್ದಕ್ಕೆ ಡಾಕ್ಟರು, "ಹೇಳೋಕಾಗಲ್ಲಮ್ಮ," ಎಂದರು. ಇಲ್ಲ ಎಂದಿದ್ದರೆ ಅವಳು ಮಲಗುತ್ತಿದ್ದಳೇನೋ. ಹೌದು ಎಂದಿದ್ದರೆ ಅತ್ತಾದರೂ ಮುಗಿಸುತ್ತಿದ್ದಳು.

ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ ಜನ ಕೇಳಿದರು, ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ ಅಂತ. ಸಿಗ್ನೆ ಕಪ್ಪನ್ನು ಕೆಳಗಿಟ್ಟಳು. ಅವಳು ಬಾಯಿ ತೆರೆಯುವ ಮೊದಲೇ ಹಾರ್ಲನ್ ಹೇಳಿದ:

"ಎರಡು ನಿಮಿಷ ಕಾಯ್ಬೇಕಿತ್ತು. ನಾನು ಮರೆತೆ."

ಅವಳು ಬಾಯಿ ಮುಚ್ಚಿದಳು. ಅಂದು ಮುಚ್ಚಿದ್ದು ಎರಡು ತಿಂಗಳು ತೆರೆಯಲಿಲ್ಲ. ಗುರುವಾರ ಟ್ರಕ್ಕು ಬಂದರೆ ಡ್ರಮ್ಮು ಇಳಿಸಿಕೊಳ್ಳಲು ಸಹಾಯಕಿಯನ್ನು ಕಳಿಸಿ, ತಾನು ಉಗ್ರಾಣದಲ್ಲಿ ನಿಲ್ಲುತ್ತಿದ್ದಳು. ಎರಡು ನಿಮಿಷ ಹೊರಗೆ ಎಂಜಿನ್ ಗುರುಗುಡುವುದು ಕೇಳುತ್ತಿತ್ತು. ಆ ಸದ್ದು ನಿಂತ ಕ್ಷಣ ಅವಳ ಬಲಗೈ ತಣ್ಣಗಾಗುತ್ತಿತ್ತು. ಅವನು ಬೇಕಿತ್ತು ಅವಳಿಗೆ, ಮೊದಲಿಗಿಂತ ಹೆಚ್ಚು ಬೇಕಿತ್ತು. ಸತ್ಯ ಹೇಳದೆ ಅವನೆದುರು ನಿಲ್ಲುವುದು ಹೇಗೆ, ಹೇಳಿದರೆ ಊರೆದುರು ನಿಲ್ಲುವುದು ಹೇಗೆ?

ಊರಿನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಆ ವಸಂತದಿಂದ ಶಾಲೆಯ ಎರಡು ಬಸ್ಸುಗಳನ್ನು ಹಾರ್ಲನ್‌ನ ಎಣ್ಣೆಯಲ್ಲೇ ಓಡಿಸುವ ಮಾತಾಗಿತ್ತು. ಅದನ್ನು ನಂಬಿ ಅವನು ದೊಡ್ಡ ಗಾಣ ತಂದಿದ್ದ, ಇನ್ನೂರು ಎಕರೆಗೆ ಬೀಜ ಎತ್ತಿಟ್ಟಿದ್ದ. ಈಗ ಬಸ್ಸು ಬೇಡ, ಅಡುಗೆಮನೆಗೂ ಅವನ ಎಣ್ಣೆ ಬೇಡ ಎಂದು ತಾಯಂದಿರು ಅರ್ಜಿ ಕೊಟ್ಟರು. ಮಾರ್ಚಿನ ಒಂದು ಮಧ್ಯಾಹ್ನ ಶಾಲೆಯ ಊಟದ ಕೋಣೆಯಲ್ಲೇ ಸಭೆ ಸೇರಿತು.

"ಹಾರ್ಲನ್, ಇಪ್ಪತ್ತು ವರ್ಷದಿಂದ ಗಾಡಿ ಓಡಿಸೋನು ನೀನೇ ಮರೆತೆ," ಎಂದಳು ಶಾಲಾ ಸಮಿತಿಯ ಹಿರಿಯಳು ಬೆರ್ನೀಸ್. ಕೆಟ್ಟ ಹೆಂಗಸಲ್ಲ ಅವಳು. "ನಾಳೆ ಬಸ್ಸಿನ ಡ್ರೈವರ್ ಮರೀದೆ ಇರ್ತಾನಾ?"

"ಹೌದು, ಮರೆತೆ," ಎಂದ ಅವನು. ಅಷ್ಟೇ ಎಂದ. ಅವನ ಅಂಗಿ ಆ ಭಾನುವಾರದ್ದೇ. ಇಸ್ತ್ರಿ ಇರಲಿಲ್ಲ.

ಕಾಫಿ ಜಗ್ಗು ಹಿಡಿದು ಗೋಡೆಗೆ ನಿಂತಿದ್ದ ಸಿಗ್ನೆ ಜಗ್ಗನ್ನು ಮೇಜಿನ ಮೇಲಿಟ್ಟಳು.

"ಅವನು ಮರೀಲಿಲ್ಲ. ಟೈಮರ್ ತಿರುಗಿಸ್ತಿದ್ದ. ನಾನು ಕಿಟಕೀಲಿ ಕೈ ಹಾಕಿ ಆಫ್ ಮಾಡಿದೆ. ತಮಾಷೆಗೆ. ಐನಾರ್ ನನ್ನಣ್ಣ, ಕೈ ನಂದು. ಎರಡು ತಿಂಗಳಿಂದ ಅವನ ತಲೆಗೆ ಕಟ್ಟಿ ಸುಮ್ಮನಿದ್ದೆ."

ಬೆರ್ನೀಸ್ ಮೆತ್ತಗೆ ಹೇಳಿದಳು. "ಅಯ್ಯೋ ಸಿಗ್ನೆ. ಆದ್ರೆ ಇದು ಇನ್ನೂ ಹೆದರಿಕೆ ವಿಷಯ ಅಲ್ವೇನೆ? ಗೊತ್ತಿದ್ದೋಳು ನೀನೇ ಆಫ್ ಮಾಡಿದೆ ಅಂದ್ರೆ, ಯಾರ ಕೈ ಬೇಕಾದ್ರೂ ಮಾಡಬಹುದು."

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದವರು ಊರಿನ ಸಭೆ ಕಂಡವರಲ್ಲ. ಸಮಿತಿಯ ಐದೂ ಕೈ ಎಣ್ಣೆಯ ವಿರುದ್ಧವೇ ಎದ್ದವು.

ಹಾರ್ಲನ್ ಖಾಲಿ ಡ್ರಮ್ಮುಗಳನ್ನು ಟ್ರಕ್ಕಿಗೆ ಏರಿಸುವಾಗ ಸಿಗ್ನೆ ಕೋಟು ತೊಟ್ಟು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಅವನು ಗಾಡಿ ಹೊರಡಿಸಿದ. ಟ್ರಕ್ಕು ಊರು ದಾಟಿತು.

"ಯಾಕೆ ಸುಳ್ಳು ಹೇಳ್ದೆ?" ಎಂದಳು.

"ಪೂರ್ತಿ ಸುಳ್ಳಲ್ಲ. ನೀನು ಆಫ್ ಮಾಡಿದ್ದು ನೋಡ್ದೆ. ಮತ್ತೆ ಸ್ಟಾರ್ಟ್ ಮಾಡೋಕೆ ಒಂದು ಸೆಕೆಂಡ್ ಸಾಕಿತ್ತು." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀನು ಅಷ್ಟು ಹತ್ರ ನಿಂತು ನಗ್ತಿದ್ದೆ. ಎರಡು ನಿಮಿಷ ಕಾದೂ ಕಾದೂ ಸಾಕಾಗಿತ್ತು ನಂಗೆ. ಆ ಒಂದು ದಿನ ಕಾಯೋದು ಬೇಡ ಅನ್ನಿಸ್ತು. ಅಷ್ಟು ಇಷ್ಟ ಪಟ್ಟಿದ್ದೆ ನಿನ್ನ."

"ಈಗ?"

"ಈಗಲೂ. ಅದೇ ಕಷ್ಟ."

ಸಿಗ್ನೆ ಅತ್ತಳು. ಅಣ್ಣ ಹೋದ ಮೇಲೆ ಮೊದಲ ಸಲ ಸದ್ದು ಮಾಡಿ ಅತ್ತಳು. ರಸ್ತೆಯ ಎರಡೂ ಕಡೆ ಹಿಮ ಕರಗಿ ಕಪ್ಪು ನೆಲ ಅಲ್ಲಲ್ಲಿ ಕಾಣುತ್ತಿತ್ತು.

"ಈ ವರ್ಷ ಬಿತ್ತುತ್ತೀಯಾ?" ಎಂದಳು ಮುಖ ಒರೆಸಿಕೊಂಡು.

"ಯಾರಿಗೆ? ಗಾಣ ವಾಪಸ್ ಕಳಿಸ್ತಿದೀನಿ."

"ಹಳೇ ಗಾಣ ಇದೆಯಲ್ಲ. ಹತ್ತೆಕರೆ ಬಿತ್ತು. ಒಂದು ಒಲೆಗೆ, ಒಂದು ಟ್ರ್ಯಾಕ್ಟರಿಗೆ ಆಗುತ್ತೆ."

"ಯಾರ ಒಲೆ?"

"ನಂದು ಕಣೋ. ಇನ್ಯಾರದು?"

ಅವನು ಗೇರಿನ ಮೇಲಿದ್ದ ಕೈಯನ್ನು ತೆಗೆದು ಅವಳ ಕೈಯ ಮೇಲಿಟ್ಟ.

ಟ್ರಕ್ಕು ಅವಳ ಅಂಗಳಕ್ಕೆ ಬಂತು. ಹಾರ್ಲನ್ ಡೀಸೆಲಿಗೆ ಬದಲಿಸಿ ಟೈಮರ್ ತಿರುಗಿಸಿದ. ಎದುರಿಗೆ ಅಡುಗೆಮನೆಯ ಕಿಟಕಿ, ಅದರೊಳಗೆ ಐನಾರ್‌ನ ಕುರ್ಚಿಯ ಬೆನ್ನು ಕಾಣುತ್ತಿತ್ತು. ಸಿಗ್ನೆ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಟೈಮರ್ ಟಿಕ್ ಟಿಕ್ ಎನ್ನುತ್ತ ಹೋಯಿತು. ಇಷ್ಟು ಉದ್ದವಾದ ಎರಡು ನಿಮಿಷವನ್ನು ಅವಳು ಹಿಂದೆ ಕಂಡಿರಲಿಲ್ಲ.

ಟೈಮರ್ ಗಂಟೆ ಬಾರಿಸಿತು. ಹಾರ್ಲನ್ ಕೀ ಮುಟ್ಟಲಿಲ್ಲ.

"ನೀನೇ ಆಫ್ ಮಾಡು."

"ನನ್ನ ಕೈಲಾಗಲ್ಲ ಹಾರ್ಲನ್."

"ಆಗುತ್ತೆ. ಈಗ ಸರಿಯಾದ ಟೈಮು. ನಾನು ಕಾಯ್ತೀನಿ."

ಅವನು ಕಾದ. ಎಂಜಿನ್ ಓಡುತ್ತಲೇ ಇತ್ತು. ಕೊನೆಗೆ ಅವಳು ಬಲಗೈಯನ್ನು ಹೊರಗೆ ತೆಗೆದು, ಅವನ ಎದೆಯ ಮುಂದೆ ಚಾಚಿ, ಕೀ ತಿರುಗಿಸಿದಳು. ಎಂಜಿನ್ ನಿಂತಿತು. ಅವಳು ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಒಲೆ ಹಚ್ಚಲು ಒಳಗೆ ಹೋದರು.