ಎರಡು ಚಮಚ ಸಕ್ಕರೆ

“ಪುಸ್ತಕ ಇಲ್ಲ.”

ಕಾಫಿ ಅಂಗಡಿಯ ಒಡತಿ ಒಳಕೋಣೆಯ ಕಪಾಟಿನ ಮುಂದೆ ನಿಂತು ಹೇಳಿದ್ದು ಇಷ್ಟೇ. ದನಿ ಏರಿರಲಿಲ್ಲ. ಆದರೂ ಹೊರಗೆ ಯಂತ್ರದ ಮುಂದೆ ಹಾಲು ಕಾಯಿಸುತ್ತಿದ್ದ, ಎಲ್ಲರೂ ಅಣ್ಣ ಎಂದೇ ಕರೆಯುವ ಕೆಲಸಗಾರ ಕೈ ತಡೆದ. ಕೆಲಸದ ಸಂದರ್ಶನಕ್ಕೆಂದು ಬಂದು ಬೆಳಗಿನಿಂದ ಕಾದಿದ್ದ ಮೂವರೂ ತಲೆಯೆತ್ತಿದರು.

“ಯಾವ ಪುಸ್ತಕ?” ಎಂದಳು ಕಿಟಕಿಯಕ್ಕ.

ಆಕೆಗೆ ಆ ಹೆಸರು ಬಂದದ್ದು ಬಸ್ ನಿಲ್ದಾಣದಲ್ಲಿ. ಅಲ್ಲಿಯ ವಿಚಾರಣೆಯ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷ ಕುಳಿತು, ತಪ್ಪಿದ ಬಸ್ಸಿಗೂ ಕಳೆದ ಚೀಲಕ್ಕೂ ಜಗಳಗಂಟ ಪ್ರಯಾಣಿಕರಿಗೂ ಉತ್ತರ ಹೇಳಿದವಳು. ಏಳು ತಿಂಗಳ ಹಿಂದೆ ಆ ಕಿಟಕಿಯನ್ನು ಮುಚ್ಚಿ, ಗುಂಡಿಯೊತ್ತಿದರೆ ಮಾತನಾಡುವ ಒಂದು ಪೆಟ್ಟಿಗೆಯನ್ನು ನಿಲ್ಲಿಸಿದ್ದರು. ಅಂದಿನಿಂದ ಅಕ್ಕ-ಭಾವನ ಮನೆಯಲ್ಲಿ ಒಂದು ಕೋಣೆ, ಒಂದು ಮಂಚ. ಇದು ಹನ್ನೊಂದನೆಯ ಸಂದರ್ಶನ. ಹಿಂದಿನ ಹತ್ತು ಕಡೆಯೂ ‘ತಿಳಿಸ್ತೀವಿ’ ಎಂದಿದ್ದರು; ಯಾರೂ ತಿಳಿಸಿರಲಿಲ್ಲ. ಇಂದು ಹೊರಡುವಾಗ ಅಕ್ಕ ಕದ ಹಿಡಿದು ನಿಂತು, “ನಿಮ್ ಭಾವ ಕೇಳ್ತಿದ್ರು ಕಣೆ, ಆ ಕೋಣೆ ಯಾವಾಗ ಖಾಲಿ ಆಗುತ್ತೆ ಅಂತ,” ಎಂದು ನೆಲ ನೋಡುತ್ತ ಹೇಳಿದ್ದಳು.

“ಅಮ್ಮನ ಪುಸ್ತಕ,” ಎಂದಳು ಒಡತಿ. “ಯಾವ ಗಿರಾಕಿಗೆ ಕಾಫಿ ಹೇಗಿರ್ಬೇಕು, ಯಾರ ಹತ್ರ ಯಾವ ಮಾತು ಎತ್ತಬಾರ್ದು, ಎಲ್ಲ ಬರೆದಿಟ್ಟಿದ್ಲು. ಅವಳು ಹೋಗಿ ಎರಡು ವರ್ಷ ಆಯ್ತು. ಆಮೇಲೆ ಅದರಲ್ಲಿ ಯಾರೂ ಒಂದಕ್ಷರ ಬರೆದಿಲ್ಲ. ಅವಳ ಕೈಬರಹ ಅಂತ ನನಗೆ ಉಳಿದಿರೋದು ಅದೊಂದೇ. ಬೆಳಿಗ್ಗೆ ಬೀಗ ತೆಗೆದಾಗ ಇಲ್ಲೇ ಇತ್ತು.”

ಅಂದಿನ ಸಂದರ್ಶನದ ಕ್ರಮ ಹೀಗಿತ್ತು: ಮೊದಲು ಮೂಲೆಯ ಮೇಜಿನಲ್ಲಿ ಒಡತಿಯೊಡನೆ ಮಾತು, ಅನಂತರ ಏಪ್ರನ್ ಕಟ್ಟಿಕೊಂಡು ಅರ್ಧ ಗಂಟೆ ಗಿರಾಕಿಗಳನ್ನು ನೋಡಿಕೊಳ್ಳುವುದು. ಉಳಿದವರು ಕಾಫಿ ಬೀಜದ ಮೂಟೆಗಳಿದ್ದ ಒಳಕೋಣೆಯಲ್ಲಿ ಕಾಯಬೇಕು. ಮೊದಲು ಹೋದವಳು ಮಾತಿಗೊಮ್ಮೆ ಕಿಲಕಿಲ ನಗುವ ಹುಡುಗಿ. ಎರಡನೆಯವನು ಮೂವತ್ತೈದರ ಆಸುಪಾಸಿನ, ಟೈ ಬಿಗಿದುಕೊಂಡು ಬಂದಿದ್ದ ಮನುಷ್ಯ. ಕೊನೆಯವಳು ಕಿಟಕಿಯಕ್ಕ; ಆಕೆ ಬಂದದ್ದು ಟೈ ಕಟ್ಟಿದವನನ್ನು ಕರೆದ ಹೊತ್ತಿಗೆ, ಹುಡುಗಿ ಆಗ ಯಂತ್ರದ ಬಳಿ ಅಣ್ಣನೊಡನೆ ಹರಟುತ್ತಿದ್ದಳು. ಒಂದಲ್ಲ ಒಂದು ಹೊತ್ತು ಮೂವರೂ ಆ ಕೋಣೆಯಲ್ಲಿ ಒಬ್ಬೊಬ್ಬರೇ ಇದ್ದವರು. ಫಲಿತಾಂಶ ಕೇಳಲು ಕಾದಿದ್ದ ಅವರಲ್ಲಿ ಯಾರೂ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ.

“ಚೀಲ ತೆರೆಸಿ ಮೇಡಂ, ಎರಡು ನಿಮಿಷದ ಕೆಲಸ,” ಎಂದ ಒಳಗೆ ಬಂದ ಅಣ್ಣ.

“ಬೇಡ. ಒಬ್ಬರು ಕದ್ದಿರ್ತಾರೆ, ಅವಮಾನ ಮೂರು ಜನಕ್ಕೂ ಆಗುತ್ತೆ. ಅಮ್ಮ ಯಾರ ಚೀಲಾನೂ ತೆರೆಸಿದೋಳಲ್ಲ.” ಒಡತಿ ಕುರ್ಚಿಗೆ ಕುಸಿದಳು. “ಸಾಕಾಗಿದೆ ನನಗೆ. ಯಾರಿಗೂ ಕೆಲಸ ಇಲ್ಲ. ಹೊರಡಿ ಎಲ್ಲರೂ.”

ಹುಡುಗಿಯ ನಗೆ ಆರಿತು. ಟೈ ಕಟ್ಟಿದವನು ತನ್ನ ಪ್ರಮಾಣಪತ್ರಗಳ ಕಡತವನ್ನು ಎದೆಗವಚಿಕೊಂಡು ಎದ್ದ. ಕಿಟಕಿಯಕ್ಕ ಮಾತ್ರ ಏಳಲಿಲ್ಲ. ಎದ್ದರೆ ಭಾವನ ಮನೆಯ ಆ ಕೋಣೆಗೇ ಹೋಗಬೇಕು. ಅಕ್ಕನ ಮುಖವನ್ನೇ ನೋಡಬೇಕು.

“ನಮ್ಮ ಕಿಟಕಿಗೆ ಕಳೆದ ಸಾಮಾನು ಹುಡುಕ್ಕೊಂಡು ದಿನಾ ಜನ ಬರೋರು,” ಎಂದಳು. “ಮೊದಲು ನಾಲ್ಕು ಪ್ರಶ್ನೆ ಕೇಳ್ತಿದ್ದೆ. ಅರ್ಧಕ್ಕರ್ಧ ಸಾಮಾನು ಅಲ್ಲೇ ಸಿಕ್ಕಿಬಿಡೋದು. ಹತ್ತು ನಿಮಿಷ ಕೊಡಿ.”

“ಕೊಡ್ತೀನಿ. ಆದ್ರೆ ಎಲ್ಲರಿಗಿಂತ ಹೆಚ್ಚು ಹೊತ್ತು ಅಲ್ಲಿ ಒಬ್ಬರೇ ಕೂತಿದ್ದೋರು ನೀವು. ನೆನಪಿರಲಿ.”

“ಇದೆ. ಅದಕ್ಕೇ ಕೇಳ್ತಿರೋದು.”

ಆಕೆ ಹುಡುಗಿಯತ್ತ ತಿರುಗಿದಳು. “ನಿನ್ನ ಅರ್ಧ ಗಂಟೇಲಿ ಒಂದು ತಪ್ಪೂ ಆಗ್ಲಿಲ್ವಂತೆ. ಹೇಗಮ್ಮಾ?”

“ಅಯ್ಯೋ ಅಕ್ಕಾ, ಕೇಳಿದೆ ಅಷ್ಟೆ! ಸಕ್ಕರೆ ಎಷ್ಟು, ಹಾಲು ಎಷ್ಟು, ಬಿಸಿ ಎಷ್ಟು—”

“ಕೇಳಿದ್ಲಾ?” ಅಣ್ಣ ಹಣೆ ಒತ್ತಿಕೊಂಡ. “ಗಿರಾಕೀನೂ ಕೇಳಿದ್ಲು, ನನ್ನೂ ಕೇಳಿದ್ಲು. ತಲೆ ತಿಂದುಬಿಟ್ಲು ಮಾರಾಯ್ತಿ. ಸದ್ಯ, ಯಂತ್ರಾನ ಒಂದು ಮಾತು ಕೇಳ್ಲಿಲ್ಲ.”

“ಸರಿ. ನೀವು ಸಾರ್?”

ಟೈ ಕಟ್ಟಿದವನು ಹುಳ್ಳಗೆ ನಕ್ಕ. “ನನ್ನ ಪಾಡು ಎಲ್ಲರಿಗೂ ಗೊತ್ತಲ್ಲ ಮೇಡಂ. ಕಿಟಕಿ ಪಕ್ಕದ ಮೇಷ್ಟ್ರಿಗೆ ಎರಡು ಚಮಚ ಸಕ್ಕರೆ ಹಾಕಿಬಿಟ್ಟೆ. ಒಂದು ಗುಟುಕಿಗೇ ಲೋಟ ತಳ್ಳಿದ್ರು.”

“ಅವರು ಸಕ್ಕರೆ ಕೇಳಿದ್ರಾ?”

“ಇಲ್ಲ.”

“ನೀವು ಕೇಳಿದ್ರಾ?”

“ಗಡಿಬಿಡೀಲಿ ಮರೆತೆ. ಹೊಸಬ ನೋಡಿ.”

“ಇವರನ್ನ ಬಿಟ್ಬಿಡಿ,” ಎಂದಳು ಒಡತಿ ಬೇಸರದಿಂದ. “ಪುಸ್ತಕ ಓದಿದ್ದಿದ್ರೆ ಇಂಥ ತಪ್ಪು ಮಾಡ್ತಿದ್ರಾ?”

ಮಾತು ನ್ಯಾಯವಾಗಿಯೇ ಇತ್ತು. ಹಾಗಾದರೆ ಉಳಿದವರು ಯಾರು? ಎಲ್ಲರ ಕಣ್ಣೂ ಕಿಟಕಿಯಕ್ಕನ ದೊಡ್ಡ ಚೀಲದತ್ತ ಹೊರಳಿದವು. ಊಟದ ಡಬ್ಬಿ, ಛತ್ರಿ, ಹನ್ನೊಂದು ಕಡೆ ತೋರಿಸಿ ಅಂಚು ಮಾಸಿದ ಅರ್ಜಿ— ಅದರಲ್ಲಿದ್ದದ್ದು ಇಷ್ಟೇ. ಆದರೆ ಮುಚ್ಚಿದ ಚೀಲದಲ್ಲಿ ಜನ ತಮಗೆ ಬೇಕಾದ್ದನ್ನು ಕಾಣುತ್ತಾರೆಂಬುದನ್ನು ಆಕೆ ಹತ್ತೊಂಬತ್ತು ವರ್ಷ ಕಂಡಿದ್ದಳು.

ಆಕೆ ಮೆಲ್ಲಗೆ ಏಪ್ರನ್ ಜೇಬಿಗೆ ಕೈಹಾಕಿ, ಟಿಶ್ಯೂ ಕಾಗದದಲ್ಲಿ ನಾಲ್ಕು ಮೂಲೆ ಮಡಚಿ ಸುತ್ತಿದ ಪುಟ್ಟ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟಳು.

“ನನ್ನ ಸರದೀಲಿ ಮೇಷ್ಟ್ರ ಮೇಜು ಒರೆಸಿದೆ. ಇದು ಅಲ್ಲೇ ಇತ್ತು. ಬಿಚ್ಚಿರಲಿಲ್ಲ.” ಅಣ್ಣನತ್ತ ನೋಡಿದಳು. “ಇಲ್ಲಿ ಬಿಸ್ಕತ್ತು ಹೀಗೆ ಸುತ್ತಿ ಕೊಡ್ತೀರಾ?”

“ಎಲ್ಲಾದ್ರೂ ಉಂಟಾ? ತಟ್ಟೇಲಿ ಕೊಡೋದು. ಅದೂ ಮೇಷ್ಟ್ರು ಬಿಸ್ಕತ್ತು ಬಿಟ್ಟು ಹತ್ತು ತಿಂಗಳಾಯ್ತು. ಸಕ್ಕರೇನೂ ಆಗ್ಲೇ ಬಿಟ್ರು, ಡಾಕ್ಟ್ರು ಬೈದ್ರು ಅಂತ.”

“ಮೇಡಂ, ನಿಮ್ಮ ಅಮ್ಮನ ಪುಸ್ತಕದಲ್ಲಿ ಮೇಷ್ಟ್ರ ಬಗ್ಗೆ ಏನು ಬರೆದಿತ್ತು? ನೆನಪಿದೆಯಾ?”

ಒಡತಿ ಕಣ್ಣು ಮುಚ್ಚಿದಳು. ಹುಡುಕಬೇಕಾಗಲಿಲ್ಲ. “‘ಮೇಷ್ಟ್ರು: ಎರಡು ಚಮಚ ಸಕ್ಕರೆ. ಬಿಸ್ಕತ್ತು ಕಾಗದದಲ್ಲಿ ಸುತ್ತಿ ಕೊಡುವುದು. ಮನೆಯಾಕೆಗೆ ಒಯ್ಯುತ್ತಾರೆ, ಬಾಯಿಬಿಟ್ಟು ಕೇಳಲು ಸಂಕೋಚ.’”

ಹೇಳಿ ಮುಗಿಸಿ ಕಣ್ಣು ತೆರೆದವಳು ಪೊಟ್ಟಣವನ್ನು ನೋಡಿದಳು.

“ಮೇಷ್ಟ್ರ ಹೆಂಡತಿ...?” ಕಿಟಕಿಯಕ್ಕ ಮಾತನ್ನು ಅಷ್ಟಕ್ಕೇ ಬಿಟ್ಟಳು.

“ತೀರ್ಕೊಂಡು ಹತ್ತು ತಿಂಗಳು,” ಎಂದ ಅಣ್ಣ.

“ಸಕ್ಕರೆ ಎಲ್ಲರ ಕಣ್ಣಿಗೂ ಬಿತ್ತು. ಹೊಸಬರ ತಪ್ಪು ಅಂತ ಎಲ್ಲರೂ ಹೊಟ್ಟೆಗೆ ಹಾಕ್ಕೊಂಡ್ರಿ. ನಾನೂ ಹಾಗೇ ಅಂದ್ಕೊಂಡಿದ್ದೆ.” ಆಕೆಯ ದನಿಯಲ್ಲಿ ಗೆಲುವಿರಲಿಲ್ಲ; ಕೊನೆಯ ಬಸ್ಸು ಹೋಯಿತೆಂದು ತಿಳಿಸುವವರ ದಣಿವಿತ್ತು. “ಗಡಿಬಿಡೀಲಿ ಸಕ್ಕರೆ ಹಾಕಬಹುದು. ಗಡಿಬಿಡೀಲಿ ಯಾರೂ ಬಿಸ್ಕತ್ತು ಇಷ್ಟು ಅಚ್ಚುಕಟ್ಟಾಗಿ ಸುತ್ತಲ್ಲ. ಈ ಅಂಗಡಿಯೋರಿಗೆ ಮೇಷ್ಟ್ರ ಇವತ್ತಿನ ಸ್ಥಿತಿ ಗೊತ್ತು. ಈ ಹುಡುಗಿ ಕೇಳಿ ತಿಳ್ಕೊಳ್ಳೋಳು. ಎರಡು ವರ್ಷದ ಹಿಂದಿನ ಮೇಷ್ಟ್ರಿಗೆ ಕಾಫಿ ಕೊಟ್ಟೋರು ಒಬ್ಬರೇ. ಪುಸ್ತಕ ಓದಿದ್ದಕ್ಕೇ ಆದ ತಪ್ಪು ಅದು. ಅಲ್ವಾ ಸಾರ್?”

ಟೈ ಕಟ್ಟಿದವನು ಮತ್ತೆ ಕುಳಿತ. ಕಡತವನ್ನು ಬಿಚ್ಚಿ, ಪ್ರಮಾಣಪತ್ರಗಳ ನಡುವಿನಿಂದ ಎಣ್ಣೆ ಜಿಡ್ಡು ಹತ್ತಿದ ನೀಲಿ ರಟ್ಟಿನ ಪುಸ್ತಕವೊಂದನ್ನು ತೆಗೆದು, ಎರಡೂ ಕೈಯಿಂದ ಮೇಜಿನ ಮೇಲಿಟ್ಟ.

“ಕದಿಯೋಕಲ್ಲ ಮೇಡಂ. ಓದ್ತಾ ಇದ್ದೆ, ಅಷ್ಟರಲ್ಲಿ ನನ್ನ ಕರೆದ್ರು. ಕಡತದೊಳಗೆ ಸೇರಿಸ್ಕೊಂಡುಬಿಟ್ಟೆ. ವಾಪಸ್ ಇಡೋಣ ಅಂತ ಬಂದ್ರೆ ಇವರು ಕೂತಿದ್ರು. ಇವರು ಎದ್ದ ಮೇಲೆ ಈ ಹುಡುಗಿ.” ಅವನು ಟೈ ಸಡಿಲಿಸಿದ. “ಎಲ್ಲಾ ಕಡೇನೂ ‘ನಿಮಗೆ ಅನುಭವ ಇಲ್ಲ’ ಅಂತಾರೆ. ಒಂದು ದಿನ, ಒಂದೇ ಒಂದು ದಿನ, ಅನುಭವ ಇರೋನ ಥರ ಕಾಣಿಸ್ಬೇಕು ಅನ್ನಿಸ್ತು.”

ಒಡತಿ ಪುಸ್ತಕವನ್ನು ಮಡಿಲಿಗೆಳೆದುಕೊಂಡಳು.

“ಆ ಪೊಟ್ಟಣ ನೋಡಿ ಮೇಷ್ಟ್ರು ಏನಂದ್ರು?” ಎಂದು ಕೇಳಿದಳು.

“ಏನೂ ಅನ್ಲಿಲ್ಲ. ಕೈಗೆ ತಗೊಂಡ್ರು. ಮತ್ತೆ ಅಲ್ಲೇ ಇಟ್ಟು ಎದ್ದು ಹೋದ್ರು.” “ಸಕ್ಕರೆಗೆ ಕೋಪ ಅಂದ್ಕೊಂಡೆ.”

“ಹೋಗಿಬನ್ನಿ. ಪೊಲೀಸು ಗಿಲೀಸು ಏನೂ ಬೇಡ.”

ಅವನು ಹೋದ. ಬಾಗಿಲ ಬಳಿ ಕಿಟಕಿಯಕ್ಕನನ್ನು ದಾಟುವಾಗ ತಲೆ ತಗ್ಗಿಸಿದ್ದ, ಆಕೆಯೂ ತಗ್ಗಿಸಿದ್ದಳು. ಹನ್ನೊಂದು ಕಡೆ ಅಲೆದವಳಿಗೆ ಅವನ ಬೂಟಿನ ಸವೆದ ಹಿಮ್ಮಡಿಯ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಒಡತಿ ಹುಡುಗಿಯತ್ತ ನೋಡಿದಳು. “ಮುಂದಿನ ತಿಂಗಳು ಸಂಜೆಗೆ ಒಬ್ಬರು ಬೇಕಾಗ್ತಾರೆ. ಬರ್ತೀಯಾ?” ಹುಡುಗಿ ಅಳುತ್ತಲೋ ನಗುತ್ತಲೋ ತಲೆಯಾಡಿಸಿದಳು. ಬಳಿಕ ಒಡತಿ ಮೇಷ್ಟ್ರ ಹಾಳೆಯನ್ನು ತೆರೆದು, ಪುಸ್ತಕವನ್ನೂ ಪೆನ್ನನ್ನೂ ಕಿಟಕಿಯಕ್ಕನ ಮುಂದೆ ಸರಿಸಿದಳು.

“ನಾಳೆ ಏಳಕ್ಕೆ ಬನ್ನಿ. ಇದನ್ನ ಈಗಲೇ ತಿದ್ದಿಬಿಡಿ. ಸಕ್ಕರೆ ಬೇಡ, ಬಿಸ್ಕತ್ತು ಬೇಡ ಅಂತ.”

ಕಿಟಕಿಯಕ್ಕ ಪೆನ್ನು ಎತ್ತಿಕೊಂಡಳು. ದುಂಡಗಿನ, ತುಸು ಬಲಕ್ಕೆ ವಾಲಿದ ಆ ಅಕ್ಷರಗಳನ್ನು ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

“ನಾಳೆ ಮೇಷ್ಟ್ರು ಬರ್ಲಿ ಮೇಡಂ,” ಎಂದಳು. “ಕೇಳ್ಕೊಂಡು ಬರೀತೀನಿ.”